ಅಯ್ಯನೋರ ಮಗಳು ಐಪಿ ಹಾಕಿದಳು

೪೮

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು ತಿಳಿಯದೆ ನಲವತ್ತೆಂಟರಿಂದ ಶುರು ಮಾಡಿದ್ದೇನೆ. ಒಂದರಿಂದ ನಲವತ್ತೇಳು ಎಲ್ಲಿ ಅಂತ ಹಾಳೆ ತಿರುವಬೇಡಿ. ಪುಸ್ತಕ ಕಟ್ಟಿದವನ ತಪ್ಪಲ್ಲ ಇದು, ನನ್ನ ಹಟ.

ವ್ಯಾಪಾರದವರಿಗೆ ಬ್ರಾಡ್‌ಬ್ಯಾಂಡ್ ಕಂಪನಿ ಕೆಲವೊಮ್ಮೆ ಕಾಯಂ ವಿಳಾಸಗಳನ್ನು ಕೊಡುತ್ತದೆ. ಸ್ಟ್ಯಾಟಿಕ್ ಐಪಿ ಅಂತ ಅದರ ಹೆಸರು. ನಿಮ್ಮ ನಮ್ಮ ಮನೆಯ ಇಂಟರ್‌ನೆಟ್ಟಿನ ವಿಳಾಸ ಆಗಾಗ ಬದಲಾಗುತ್ತಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಇದು ಬದಲಾಗುವುದಿಲ್ಲ. ಒಂದಕ್ಕಿಂತ ಹೆಚ್ಚು ಬೇಕೆಂದರೆ ಕಟ್ಟು ಕಟ್ಟಿ ಕೊಡುತ್ತಾರೆ. ವಾಡಿಯ ಒಂದು ದಾಲ್ ಮಿಲ್ಲಿಗೆ ಸಿಕ್ಕ ಕಟ್ಟಿನಲ್ಲಿ ಎಂಟಿದ್ದವು, ೪೮ರಿಂದ ೫೫ರವರೆಗೆ (ಅವುಗಳ ಮುಂದೆ ಇನ್ನೂ ಉದ್ದನೆಯ ಸಂಖ್ಯೆಗಳಿವೆ, ಅವು ನಿಮಗೆ ಬೇಡ). ಎಂಟು ಅಂತ ಹೆಸರಿಗೆ. ಮೊದಲನೆಯದು ಇಡೀ ಕಟ್ಟಿನ ಗುರುತು, ಅದನ್ನು ಯಾವ ಯಂತ್ರಕ್ಕೂ ಕೊಡುವಂತಿಲ್ಲ. ಕಡೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೆ, ಡಂಗುರದ ಹಾಗೆ. ಇನ್ನೊಂದನ್ನು ರೌಟರ್ ಇಟ್ಟುಕೊಳ್ಳುತ್ತದೆ, ಒಳಗೆ ಹೊರಗೆ ಓಡಾಡುವವರೆಲ್ಲ ಅದನ್ನು ದಾಟಿಯೇ ಹೋಗಬೇಕು. ಉಳಿಯುವುದು ಐದು.

ಐದು ವಿಳಾಸ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಐದು ಊರು. ಕಥೆಗಾರನ ಬಾಯಲ್ಲಿ ನೀರೂರಲು ಇಷ್ಟು ಸಾಕು ನೋಡಿ. ಊರಿಗೊಂದು ವಿಳಾಸ ಹಂಚಿ ಒಂದು ಡ್ರಾಫ್ಟ್ ಬರೆದೇಬಿಟ್ಟೆ. ಓದಿದಾಗ ನನಗೇ ವಾಕರಿಕೆ ಬಂತು, ಹರಿದು ಒಗೆದೆ.

ಮೊದಲನೆಯ ವಿಳಾಸವನ್ನು ಯಾರಿಗೂ ಕೊಡುವಂತಿಲ್ಲವಾದ್ದರಿಂದ ಈ ಮೊದಲ ತುಂಡಿನಲ್ಲಿ ಯಾವ ಪಾತ್ರವನ್ನೂ ಕೂರಿಸಿಲ್ಲ. ನಾನು ಶಹಾಬಾದಿನವನು, ಮನೆ ಮುಂದಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಬರೆಯುತ್ತೇನೆ, ಬೇಗ ಸಿಟ್ಟಿಗೇಳುತ್ತೇನೆ. ಇದು ನಗೆಯ ಕಥೆ ಅಂತ ಹೇಳಿದವರೊಬ್ಬರು ನನಗೆ ಇದನ್ನು ಒಪ್ಪಿಸಿದರು. ಬರೆಯುತ್ತ ಹೋದ ಹಾಗೆ ನನ್ನ ನಗು ನಿಂತುಹೋಯಿತು.

೪೯

ಶಿವಗಂಗಾ ವಾಡಿಯಲ್ಲಿ ದಾಲ್ ಮಿಲ್ ನಡೆಸುತ್ತಾಳೆ. ಸುತ್ತಲಿನ ರೈತರು ತೊಗರಿ ತಂದು ಅವಳ ಗೋದಾಮಿನಲ್ಲಿ ಇಟ್ಟು ಹೋಗುತ್ತಾರೆ, ದರ ಬಂದಾಗ ಒಡೆಸಿ ಮಾರುತ್ತಾರೆ. ಅಲ್ಲಿಯವರೆಗೆ ಚೀಲ ಅವಳ ಸುಪರ್ದಿ. ರಸೀದಿ ಕೊಡುತ್ತೇನೆ ಅಂದರೂ ಯಾರೂ ಇಸಿದುಕೊಳ್ಳುವುದಿಲ್ಲ. 'ಅಯ್ಯನೋರ ಮಗಳ ಮಿಲ್' ಅನ್ನುವ ಮಾತೇ ಸಾಕು.

ಅಯ್ಯನೋರು ಅಂದರೆ ಅವಳ ಅಪ್ಪ ಮಡಿವಾಳಯ್ಯ, ಚಿಂಚೋಳಿ ತಾಲೂಕಿನ ಐನಾಪುರದ ಜಂಗಮರು. ಸೋಮವಾರ ಜೋಳಿಗೆ ಹಿಡಿದು ಭಿಕ್ಷೆಗೆ ಹೊರಡುತ್ತಾರೆ. ಲಗ್ನ, ಮನೆಯ ವಾಸ್ತು, ಲಿಂಗದೀಕ್ಷೆ ಅಂತ ಈ ಐದೂ ಊರಿನ ಸೀಮೆಯಲ್ಲಿ ಅವರಿಗೆ ಕರೆ ಬರುತ್ತದೆ. ಅವರು ಬಂದರೆ ಮನೆಯ ಯಜಮಾನ ಮೊದಲು ಅವರ ಕಾಲಿಗೆ ನೀರು ಹಾಕಿ ಶರಣು ಮಾಡುತ್ತಾನೆ. ಮಗಳು ಮಿಲ್ ತೆರೆದಾಗ ಹೋದ ಮನೆಯಲ್ಲೆಲ್ಲ "ನನ್ನ ಮಗಳ ಕಡೆ ಇಡ್ರಿ, ನಾ ಇದ್ದೀನಿ" ಅಂದವರು ಅವರೇ.

"ನನಗ ಮೂವತ್ತಾರು ವರ್ಷ ಅಂತ ಬರದೀರಿ," ಎಂದಳು ಶಿವಗಂಗಾ, ಆಮೇಲೆ ಬರೆದ ಡ್ರಾಫ್ಟ್ ಓದಿ. "ಲಗ್ನ ಆಗಿಲ್ಲ ಅಂತನೂ ಬರದೀರಿ. ಇದು ಮಿಲ್‌ದ ಕಥಿನೋ ನನ್ನ ಬಯೋಡಾಟಾನೋ?"

ಹೊಡೆದು ಹಾಕಿದೆ. (ಈಗ ಮತ್ತೆ ಬಂದುಬಿಟ್ಟಿತು. ಅವಳಿಗೆ ಹೇಳಬೇಡಿ.)

ಐದು ವಿಳಾಸ ಅವಳಿಗೆ ಯಾಕೆ ಬೇಕಿತ್ತು? ಬಣ್ಣ ನೋಡಿ ಕಾಳು ಆರಿಸುವ ಹೊಸ ಯಂತ್ರಕ್ಕೆ ಒಂದು, ಕೆಟ್ಟರೆ ಕಂಪನಿಯವರು ತಮ್ಮ ಊರಿನಿಂದಲೇ ನೋಡಲಿ ಅಂತ. ಬಿಲ್ಲಿನ ಕಂಪ್ಯೂಟರಿಗೆ ಒಂದು, ಟೆಲಿಫೋನ್ ಡಬ್ಬಿಗೆ ಒಂದು. ಉಳಿದ ಎರಡು ಅವಳ ಆಸೆಯವು: ತೂಕದ ಕಾಟಾಕ್ಕೆ, ಗೋದಾಮಿನ ಕ್ಯಾಮೆರಾಕ್ಕೆ. ರೈತ ತನ್ನ ಮನೆಯಲ್ಲಿ ಕೂತು ಮೊಬೈಲಿನಲ್ಲಿ ತನ್ನ ಚೀಲ ಇದ್ದಲ್ಲೇ ಇದೆ ಅಂತ ನೋಡಬೇಕು. ಅಪ್ಪನ ಮಾತಿನ ಮೇಲೆ ಎಷ್ಟು ದಿನ ನಿಂತಿರುವುದು, ಜನ ಕಣ್ಣಾರೆ ನೋಡಿ ನಂಬಲಿ, ಅಂದುಕೊಂಡಿದ್ದಳು. ಇದಕ್ಕಾಗಿಯೇ ನನಗೆ ಈ ಹೆಣ್ಣುಮಗಳ ಬಗ್ಗೆ ಹೊಟ್ಟೆ ಉರಿಯುತ್ತದೆ, ಅಂದರೆ ಸಂಕಟವಾಗುತ್ತದೆ.

ಕೆಲಸ ಮಾಡಿದವನು ವಾಡಿಯ ಸುರೇಶಕುಮಾರ, ನೆಟ್‌ವರ್ಕಿನವನು. ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಂಡು ರೌಟರಿನ ಒಳಪುಟ ತೆರೆದ. ೪೯ ರೌಟರಿಗೆ ಬರೆದ. ಆಮೇಲೆ ಒಂದೊಂದೇ ಯಂತ್ರದ ಹತ್ತಿರ ಹೋಗಿ ಅದರ ಅದರ ಸಂಖ್ಯೆ ಕೂರಿಸಿ, ಹೊರಗೆ ಹೋಗುವ ಬಾಗಿಲು ೪೯ ಅಂತ ಎಲ್ಲಕ್ಕೂ ಹೇಳಿಕೊಟ್ಟು ಬಂದ. ಕಾಟಾ ಮಾತಾಡಲಿಲ್ಲ. ಕ್ಯಾಮೆರಾವೂ ಮಾತಾಡಲಿಲ್ಲ. ತಲೆ ಕೆರೆದುಕೊಂಡ.

"ಮೇಡಂ, ಕಾಟಾಕ್ಕೂ ಐವತ್ತೊಂದು, ಕ್ಯಾಮೆರಾಕ್ಕೂ ಐವತ್ತೊಂದು ಹಾಕಿಬಿಟ್ಟೀನ್ರಿ. ಅದಕ್ಕ ಎರಡೂ ಬಾಯಿ ಮುಚ್ಕೊಂಡು ಕುಂತಾವ."

"ಒಂದ ಮನಿ ನಂಬರಿಗೆ ಇಬ್ಬರು ಇದ್ರ ಏನಾತು?"

"ಟಪಾಲ್ ಯಾರಿಗೆ ಕೊಡಬೇಕಂತ ತಿಳಿಯಂಗಿಲ್ರಿ. ಕಡೀಕ ಇಬ್ಬರಿಗೂ ಮುಟ್ಟಂಗಿಲ್ಲ."

ಕ್ಯಾಮೆರಾಕ್ಕೆ ೫೨ ಕೊಟ್ಟ, ಎರಡೂ ಎದ್ದು ಕೂತವು. (ಇದನ್ನು ನೆನಪಿಟ್ಟುಕೊಳ್ಳಿ ಅಂತ ಹೇಳುವುದು ಕೆಟ್ಟ ಕಥೆಗಾರನ ಲಕ್ಷಣ. ಆದರೂ ನೆನಪಿಟ್ಟುಕೊಳ್ಳಿ.)

೫೦

ಒಂದು ಕೇಬಲ್ ಕಡಿಮೆ ಬಿತ್ತು. ಅದನ್ನು ತರಲು ಸುರೇಶಕುಮಾರ ವಾಡಿಯಿಂದ ಸೇಡಮ್ಮಿಗೆ ರೈಲು ಹತ್ತಿದ. ಚಿತ್ತಾಪುರ ದಾಟುವಾಗ ಅವನಿಗೆ ಬ್ರಾಡ್‌ಬ್ಯಾಂಡ್ ಕಂಪನಿಯಿಂದ ಫೋನ್ ಬಂತು. ರೈಲಿನ ಸದ್ದಿಗೆ ಜೋರಾಗಿ ಮಾತಾಡಿದ.

"ಹೌದ್ರಿ, ವಾಡಿ, ಅಯ್ಯನೋರ ಮಗಳ ದಾಲ್ ಮಿಲ್‌ರಿ. ಐಪಿ ಹಾಕೀವ್ರಿ. ಹಾ, ಶಿವಗಂಗಾ ಮೇಡಂ ಹೆಸರಿಲೇನೇ. ಹಳೇದೆಲ್ಲಾ ಬಂದ್ ಮಾಡೀವ್ರಿ. ಇನ್ನ ಹೊರಗಿನವರು ಯಾರೂ ಒಳಗ ಕೈ ಹಾಕಾಕ ಬರಂಗಿಲ್ರಿ."

ಎದುರಿನ ಸೀಟಿನಲ್ಲಿ ಐನಾಪುರದ ಬೀಜದಂಗಡಿಯ ಭೀಮಾಶಂಕರ ಕೂತಿದ್ದ.

ಇಲ್ಲಿ ಒಂದು ಶಬ್ದದ ಜಾತಕ ಹೇಳಬೇಕು. ಚಿಂಚೋಳಿ ಕಡೆ, ಸೇಡಮ್ಮಿನ ಆಚೆ, ತೆಲುಗು ಗಡಿಗೆ ಹತ್ತಿದ ಊರುಗಳ ಹಳೆಯ ವ್ಯಾಪಾರಸ್ಥರಲ್ಲಿ ಐಪಿ ಅಂದರೆ ದಿವಾಳಿ. ಇನ್ಸಾಲ್ವೆನ್ಸಿ ಪಿಟಿಷನ್ ಅನ್ನುವ ಕೋರ್ಟಿನ ಇಂಗ್ಲಿಷ್ ಜನರ ಬಾಯಲ್ಲಿ ಸವೆದು ಸವೆದು ಎರಡು ಅಕ್ಷರ ಉಳಿದಿದೆ. 'ಅಂವ ಐಪಿ ಹಾಕ್ಯಾನ' ಅಂದರೆ ಊರವರ ಮಾಲು ಮುಳುಗಿಸಿ ಕೋರ್ಟಿನ ಮರೆಯಲ್ಲಿ ನಿಂತಿದ್ದಾನೆ, ಇನ್ನು ಅವನ ಹೊಸ್ತಿಲು ತುಳಿಯಬೇಡಿ ಅಂತ ಅರ್ಥ. ಸುರೇಶಕುಮಾರ, ಶಿವಗಂಗಾರ ವಯಸ್ಸಿನವರಿಗೆ ಈ ಅರ್ಥ ಗೊತ್ತಿಲ್ಲ. ಭೀಮಾಶಂಕರನ ವಯಸ್ಸಿನವರಿಗೆ ಇನ್ನೊಂದು ಗೊತ್ತಿಲ್ಲ.

ಭೀಮಾಶಂಕರನನ್ನು ಖಳನಾಯಕ ಮಾಡಿ ಎರಡು ಪುಟ ಬರೆದಿದ್ದೆ. ಮೀಸೆ ಕೊಟ್ಟಿದ್ದೆ, ಓರೆ ನಗು ಕೊಟ್ಟಿದ್ದೆ.

"ನನ್ನ ಚಾಡಿಕೋರ ಮಾಡಬ್ಯಾಡ್ರಿ," ಎಂದ. "ಸೇಡಂದಾಗ ಇಳದು ಬಸ್ ಹತ್ತಿ ಊರು ಮುಟ್ಟೂತನಕ ನಾ ಬಾಯಿ ಬಿಟ್ಟಿಲ್ಲ. ಎದಿ ಒಡದಂಗ ಆಗಿತ್ತು ನನಗ. ಸೀದಾ ಅಯ್ಯನೋರ ಮನಿಗೇ ಹೋದೆ. ಇಂಥಾ ಸುದ್ದಿ ಕಂಡೋರ ಬಾಯಿಂದ ಕೇಳಬಾರದ್ರಿ ಅವರು."

ಅವನ ಮಾತು ಖರೆ. ಮೀಸೆ ತೆಗೆದೆ. ಈ ಕಥೆಯಲ್ಲಿ ಕೆಟ್ಟವರು ಯಾರೂ ಸಿಗುತ್ತಿಲ್ಲ, ಅದೇ ನನಗೆ ತೊಂದರೆಯಾಗಿದೆ.

೫೧

ಮಿಲ್ಲಿನಲ್ಲಿ ಯಂತ್ರಗಳು ಓಡುತ್ತಿದ್ದವು. ಶಿವಗಂಗಾ ಒಂದು ಕಿವಿ ಮುಚ್ಚಿಕೊಂಡು ಫೋನ್ ಎತ್ತಿದಳು. ಅಪ್ಪ.

"ಗಂಗಾ, ಐಪಿ ಹಾಕೀದಿ ಅಂತಲ್ಲ. ಖರೆ ಏನು?"

"ಹೌದಪ್ಪಾ, ಖರೆ! ನಿನಗ ಅಷ್ಟ ಲಗೂನ ಯಾರು ಹೇಳಿದ್ರು?"

"ಹಾಕೀದಿ."

"ಒಂದಲ್ಲ, ಐದು! ಮುಂಜಾನಿಂದ ಅದೇ ಮಾಡಾಕತ್ತೀವಿ."

"ನನಗ ಒಂದ ಮಾತು ಹೇಳಬೇಕು ಅನಸಲಿಲ್ಲೇನವ್ವಾ?"

"ನಿನಗೇನ ತಿಳೀತದಪ್ಪಾ ಇದು? ಈಗ ದೊಡ್ಡ ದೊಡ್ಡ ಮಿಲ್‌ನವರೆಲ್ಲಾ ಹಾಕ್ಯಾರ. ನಾವೇ ಹಿಂದ ಬಿದ್ದಿದ್ವಿ."

"ಮಂದಿ ಚೀಲ ಅವಲ್ಲ ಅಲ್ಲಿ. ಅವರಿಗೇನ ಹೇಳ್ತಿ?"

"ಹೇಳೂದೇನದ? ಅವರ ಅವರ ಮನ್ಯಾಗ ಕುಂತು ನೋಡ್ಕೋತಾರ."

"ಗಂಗಾ..."

"ಅಪ್ಪಾ, ಗದ್ದಲದಾಗ ಕೇಳಸವಲ್ದು. ಏನೂ ಫಿಕರ್ ಮಾಡಬ್ಯಾಡ. ಇವತ್ತಿಗೆ ನಮ್ಮ ಪತ್ತಾ ಕಾಯಂ ಆತು ತಿಳಿ. ಸಂಜೀಕ ಮಾ‌ತಾಡ್ತೀನಿ."

ಫೋನ್ ಇಟ್ಟು ನಗುತ್ತ ಕಾಟಾದ ಕಡೆ ಹೋದಳು. ಅಪ್ಪನಿಗೂ ಇಂಟರ್‌ನೆಟ್ಟಿನ ಮಾತು ಬಂತಲ್ಲ ಅಂತ ಅವಳಿಗೆ ಸಂತೋಷವಾಗಿತ್ತು.

೫೧

ಐನಾಪುರದಲ್ಲಿ ಅಯ್ಯನೋರು ಫೋನನ್ನು ಕಿವಿಯಿಂದ ಇಳಿಸಲೇ ಇಲ್ಲ. ಪಕ್ಕದಲ್ಲಿ ಭೀಮಾಶಂಕರ ನಿಂತಿದ್ದ.

"ಏನಂತಾರ್ರಿ?"

"ಐದು ಅಂತ," ಎಂದರು ಅಯ್ಯನೋರು. "ಎಲ್ಲಾರೂ ಹಾಕ್ಯಾರಂತ. ಮಂದಿ ಮನ್ಯಾಗ ಕುಂತು ನೋಡ್ಲಿ ಅಂತಾಳ."

ಮಗಳು ದಿವಾಳಿಯಾದದ್ದನ್ನಾದರೂ ಅವರು ತಡೆದುಕೊಳ್ಳುತ್ತಿದ್ದರು. ಕೆಟ್ಟ ಕಾಲ ಯಾರಿಗೆ ಬರುವುದಿಲ್ಲ? ಆದರೆ ಅವಳು ನಗುತ್ತಿದ್ದಳು. ಸಂಜೆ ಅವಳ ಕರೆ ಬಂದಾಗ ಎತ್ತಲಿಲ್ಲ.

(ಒಂದೇ ಸಂಖ್ಯೆಗೆ ಎರಡು ತುಂಡು ಬಂದಿವೆ. ಪ್ರೂಫ್ ನೋಡುವವರು ದಯಮಾಡಿ ತಿದ್ದಬಾರದು.)

೫೨

ಮರುದಿನ ಅವರು ಹೊರಟಾಗ ನಾನು ಅಡ್ಡ ನಿಂತೆ. ಬರೆಯುವವನಿಗೆ ಅಷ್ಟು ಅಧಿಕಾರ ಇರುತ್ತದೆ ಅಂದುಕೊಂಡಿದ್ದೆ.

"ಅಯ್ಯನೋರ, ಮೊದಲು ವಾಡಿಗೆ ಹೋಗಿ ಒಂದು ಸಲ ಕಣ್ಣಿಂದ ನೋಡಿ ಬರ್ರಿ."

"ಹೋಗಿ ಏನ ನೋಡ್ಲಿ? ಮಗಳ ಮುಖ ನೋಡಿದ್ರ ನನ್ನ ಬಾಯಿ ಕಟ್ತದ. ಮೊದಲ ಮಂದಿ ಮುಖ ನೋಡ್ತೀನಿ. ಸರಿ ಆಚಿಕಡೆ."

ಸರಿದು ನಿಂತೆ. ಅವರ ಜೋಳಿಗೆ ಗೋಡೆಯ ಗೂಟದಲ್ಲೇ ಉಳಿದಿತ್ತು.

ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ. ಯಾರ ಯಾರ ತೊಗರಿ ಮಗಳ ಮಿಲ್ಲಿನಲ್ಲಿದೆಯೋ ಅವರ ಅವರ ಮನೆ. ಹೋದಲ್ಲೆಲ್ಲ ಕಾಲಿಗೆ ನೀರು ತಂದರು. ಬೇಡ ಅಂದು, ಬಾಗಿಲಲ್ಲೇ ನಿಂತು, ಎರಡೂ ಕೈ ಜೋಡಿಸಿ ತಲೆ ಬಾಗಿಸಿದರು.

"ನನ್ನ ಮಾತಿನ ಮ್ಯಾಲ ನೀವು ಮಾಲು ಇಟ್ಟಿದ್ರಿ. ನನ್ನ ಮಗಳು ಐಪಿ ಹಾಕ್ಯಾಳ. ನನ್ನ ಮಾಫ್ ಮಾಡ್ರಿ."

"ಅಯ್ಯನೋರ, ಕೈ ಇಳಸ್ರಿ! ನಮ್ಮನ್ನ ಯಾವ ಪಾಪಕ್ಕ ನೂಕಾಕತ್ತೀರಿ?" ಸೇಡಮ್ಮಿನ ಒಬ್ಬ ರೈತ ಅಳುತ್ತ ಅವರ ಕಾಲಿಗೆ ಬಿದ್ದ. ಅಯ್ಯನೋರು ಓಣಿ ದಾಟಿದ ಮೇಲೆ ಎದ್ದು ಕಣ್ಣೊರೆಸಿಕೊಂಡು ಟೆಂಪೋದವನಿಗೆ ಫೋನ್ ಮಾಡಿದ.

ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ ಎಲ್ಲೆಲ್ಲೂ ಇದ್ದಾರೆ. ಬರೀ ರೈಲಿನ ಸುದ್ದಿಯಾಗಿದ್ದರೆ ನಾಲ್ಕು ಜನ ಆಡಿಕೊಂಡು, ಒಬ್ಬ ಮಿಲ್ಲಿಗೆ ಹೋಗಿ ನೋಡಿ ಬಂದು, ಮಾತು ಅಲ್ಲಿಗೇ ಸಾಯುತ್ತಿತ್ತು. ಜಂಗಮರೇ ಬಂದು ಕೈ ಮುಗಿದ ಮೇಲೆ ವಿಚಾರಿಸುವವರು ಯಾರು? ಅವರ ಒಳ್ಳೆಯತನವೇ ಸುಳ್ಳಿಗೆ ಮುದ್ರೆ ಒತ್ತಿತು. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅವರ ಕಾಲಿನ ಧೂಳು ನೆನಪಾಗಿ ಸಿಟ್ಟು ಇಳಿಯುತ್ತದೆ.

ಕಡೆಗೆ ಗುಂಡಗುರ್ತಿ ಅನ್ನುವ ಹಳ್ಳಿ. ಅಲ್ಲಿಯ ಭೀಮಬಾಯಿ ತನ್ನ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಸಂಘ ಕಟ್ಟಿದ್ದಾಳೆ. ಎಲ್ಲರ ತೊಗರಿ ಒಟ್ಟು ಮಾಡಿ ಶಿವಗಂಗಾಳ ಮಿಲ್ಲಿಗೇ ಹಾಕುತ್ತಾಳೆ. ಗೋದಾಮಿನ ಅರ್ಧ ಅವರದೇ.

(ಓದಿ ನೋಡಿ. ಮಡಿವಾಳಯ್ಯನವರಿಗೆ ಮೊದಲಿನಿಂದ 'ಅವರು' ಅಂತ ಬರೆದಿದ್ದೇನೆ. ಭೀಮಬಾಯಿಗೆ ನನ್ನ ಪೆನ್ನು ತಾನೇ 'ಅವಳು' ಅಂತ ಬರೆದುಕೊಂಡು ಹೋಗಿದೆ. ಇಬ್ಬರದೂ ಒಂದೇ ವಯಸ್ಸು. ಅಳಿಸುವುದಿಲ್ಲ, ಇರಲಿ, ನೀವೂ ನೋಡಿರಿ. ಮುಂದೆ ತಿದ್ದಿಕೊಳ್ಳುತ್ತೇನೆ.)

ಅಯ್ಯನೋರು ಗುಂಡಗುರ್ತಿಗೆ ಎಷ್ಟೋ ಲಗ್ನಕ್ಕೆ ಬಂದವರು. ಈ ಓಣಿಗೆ ಬಂದವರಲ್ಲ. ಇದು ದಲಿತ ಬೌದ್ಧರ ಓಣಿ. ಬಸವಣ್ಣನ ಹಾದಿಯವರು ನಾವು ಅಂತ ಪ್ರತಿ ಲಗ್ನದಲ್ಲಿ ಹೇಳುವ ಅಯ್ಯನೋರಿಗೆ ಈ ಓಣಿಯ ಹಾದಿ ಕೇಳಿಕೊಂಡು ಬರಬೇಕಾಯಿತು.

"ಜೈಭೀಮ್ರಿ ಅಯ್ಯನೋರ. ಬರ್ರಿ, ಕುಂದ್ರಿ." ಭೀಮಬಾಯಿ ಒಳಗೆ ಹೋಗಿ ಚರಿಗೆಯಲ್ಲಿ ಕುಡಿಯುವ ನೀರು ತಂದರು.

"ಬ್ಯಾಡವ್ವಾ, ಕುಡದೇ ಬಂದೀನಿ."

ನಿಂತಲ್ಲೇ ಕೈ ಜೋಡಿಸಿದರು, ತಲೆ ಬಾಗಿಸಿದರು, ಎಲ್ಲ ಕಡೆ ಹೇಳಿದ್ದನ್ನೇ ಹೇಳಿದರು. ಭೀಮಬಾಯಿ ಚರಿಗೆ ಕೆಳಗಿಡದೆ ಪೂರಾ ಕೇಳಿದರು.

"ನಮ್ಮ ಓಣಿಗೆ ನೀವು ಬಂದದ್ದು ಇದೇ ಮೊದಲ್ರಿ," ಎಂದರು. "ಇದಕ್ಕ ಬಂದ್ರೇನ್ರಿ?"

ಅಯ್ಯನೋರು ಬಂದ ಹಾದಿಗೆ ತಿರುಗಿದರು. ಬಿಸಿಲು ಸುಡುತ್ತಿತ್ತು. ಬೆಳಗಿನಿಂದ ಅವರ ಗಂಟಲಿಗೆ ಒಂದು ಹನಿ ನೀರು ಇಳಿದಿರಲಿಲ್ಲ. ಇದನ್ನು ಬರೆಯದೆ ಬಿಡೋಣ ಅಂತ ನನಗೆ ಅನಿಸಿತ್ತು, ಯಾಕೆಂದರೆ ನನಗೆ ಅವರ ಮೇಲೆ ಪ್ರೀತಿ ಇದೆ. ಆ ಮನೆಯ ಮುಂದೆ ತಲೆ ಬಾಗಿಸುವುದು ಅವರಿಂದ ಆಯಿತು, ನೀರು ಕುಡಿಯುವುದು ಆಗಲಿಲ್ಲ.

೫೩

ಮಿಲ್ಲಿನ ಮುಂದೆ ಟೆಂಪೋ, ಟ್ರ್ಯಾಕ್ಟರ್ ನಿಂತವು. ಗದ್ದಲ ಇಲ್ಲ, ಬೈಗುಳ ಇಲ್ಲ. ಜನ ಸಾವಿನ ಮನೆಗೆ ಬಂದವರ ಹಾಗೆ ತಲೆ ತಗ್ಗಿಸಿ ಬಂದು ತಮ್ಮ ತಮ್ಮ ಚೀಲ ಹೊತ್ತುಕೊಂಡು ಹೋದರು. ಅದು ಇನ್ನೂ ಕೆಟ್ಟದ್ದಾಗಿತ್ತು.

ಶಿವಗಂಗಾಳಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಮೊದಲು ನಕ್ಕಳು. ಆಮೇಲೆ ಎಲ್ಲರನ್ನೂ ರೌಟರಿನ ಮುಂದೆ ಕರೆದುಕೊಂಡು ಹೋದಳು.

"ಇದೇ ನೋಡ್ರಿ ಐಪಿ! ಈ ಡಬ್ಬ್ಯಾಗ ಹಾಕಿದ್ದು! ದಿವಾಳಿ ಅಲ್ರಿ, ಇದು ಬ್ಯಾರೆ!"

ಹಸಿರು ದೀಪಗಳು ಮಿಣುಕುತ್ತಿದ್ದವು. ಜನ ನೋಡಿದರು, ಕನಿಕರದಿಂದ. ಸುರೇಶಕುಮಾರ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಅದನ್ನೂ ನೋಡಿದರು. ಶಹಾಬಾದಿನ ಆಶಾಬಿ, ಶಿವಗಂಗಾಳನ್ನು ಬಹಳ ಹಚ್ಚಿಕೊಂಡವರು, ಅವಳ ಗಲ್ಲ ಸವರಿದರು.

"ಬೇಟಿ, ನಿನ್ನ ಡಬ್ಬಿ ಖರೆ ಇರಬಹುದು. ಹಂಗಾದ್ರ ನಿಮ್ಮಪ್ಪ ಸುಳ್ಳ ಹೇಳ್ಯಾರೇನು?"

ಹೌದು ಅಂದರೆ ಅಪ್ಪನ ಮಾತು ಮಣ್ಣುಪಾಲು, ಅಲ್ಲ ಅಂದರೆ ಮಿಲ್. ಶಿವಗಂಗಾ ಆಶಾಬಿಯ ಚೀಲಕ್ಕೆ ತಾನೇ ಕೈ ಕೊಟ್ಟು ಎತ್ತಿದಳು.

ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡುತ್ತಿತ್ತು. ೫೨ಕ್ಕೆ ಹೋಗಿ ಯಾರು ಬೇಕಾದರೂ ಗೋದಾಮು ಖಾಲಿಯಾಗುವುದನ್ನು ನೋಡಬಹುದಿತ್ತು.

ಭೀಮಬಾಯಿಯ ಟ್ರ್ಯಾಕ್ಟರ್ ಎಲ್ಲರಿಗಿಂತ ಕಡೆಗೆ ಬಂತು. ಅವರೂ ಡಬ್ಬಿ ನೋಡಿದರು. ಶಿವಗಂಗಾಳ ಮುಖ ನೋಡಿದರು. ಟ್ರ್ಯಾಕ್ಟರಿನವನಿಗೆ ಇಂಜಿನ್ ಆರಿಸಲು ಹೇಳಿದರು.

"ನಾ ಇವತ್ತ ಒಯ್ಯಂಗಿಲ್ಲವ್ವಾ. ಅಯ್ಯನೋರು ತಪ್ಪು ಸುದ್ದಿ ಹೇಳಾಕ ನಮ್ಮ ಮನೀತನಕ ನಡಕೊಂಡು ಬಂದ್ರು. ಖರೆ ಸುದ್ದಿ ಹೇಳಾಕೂ ಬರಲಿ. ಬಂದ್ರ ನಮ್ಮ ಮಾಲು ಇಲ್ಲೇ ಇರ್ತದ. ಅಮಾಸಿತನಕ ನೋಡ್ತೀನಿ. ಬರಲಿಲ್ಲಂದ್ರ ನನಗೂ ಸಂಘದ ಹೆಣ್ಣಮಕ್ಕಳು ಅದಾರ, ಅವರಿಗೆ ನಾ ಜವಾಬ್ ಕೊಡಬೇಕು."

ಆ ಚೀಲಗಳೂ ಹೋದರೆ ಮಿಲ್ ಮುಚ್ಚುವುದೇ. ಖಾಲಿ ಗೋದಾಮಿಗೆ ಕಾಯಂ ವಿಳಾಸ ಇದ್ದೇನು ಪ್ರಯೋಜನ?

೫೪

ಶಿವಗಂಗಾ ಐನಾಪುರಕ್ಕೆ ಹೋದಳು. ಎರಡು ಐಪಿಗಳ ಕಥೆಯನ್ನು ಅಪ್ಪನ ಮುಂದೆ ಕೂತು ಬಿಡಿಸಿ ಹೇಳಿದಳು.

"ಹಂಗಾದ್ರ ನೀ ಮಂದಿ ಮಾಲು ಮುಳಗಿಸಿಲ್ಲ."

"ಇಲ್ಲಪ್ಪಾ."

ಅಯ್ಯನೋರು ಅತ್ತರು. ಮಗಳು ಕೆಟ್ಟವಳಲ್ಲ ಅನ್ನುವ ಸಂತೋಷ, ತಾವೇ ಅವಳ ಮನೆ ಕೆಡಿಸಿದೆವು ಅನ್ನುವ ಸಂಕಟ, ಎರಡೂ ಒಟ್ಟಿಗೆ ಬಂದು ಆ ದೊಡ್ಡ ಮನುಷ್ಯ ಸಣ್ಣ ಮಗುವಿನ ಹಾಗೆ ಅತ್ತರು.

"ಅಪ್ಪಾ, ಮತ್ತೊಮ್ಮೆ ಹೋಗಿ ಹೇಳು."

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಈಗ ನಾ ಹೋಗಿ ಅದು ಸುಳ್ಳ ಇತ್ತು ಅಂದ್ರ, ಮಗಳ ಸಲುವಾಗಿ ಅಯ್ಯ ಸುಳ್ಳ ಹೇಳಾಕತ್ಯಾನ ಅಂತಾರ. ಯಾರು ಕೇಳ್ತಾರ?"

"ಭೀಮಬಾಯಿ ಒಬ್ಬಾಕಿ ಕೇಳ್ತಾಳ. ಮನಿಗೆ ಬರ್ರಿ ಅಂದಾಳ."

ಅಯ್ಯನೋರು ನೆಲ ನೋಡಿದರು.

"ಆ ಮನ್ಯಾಗ ನೀ ನೀರು ಕುಡೀಲಿಲ್ಲಂತ."

"ಕುಡದ ಬಂದಿದ್ದೆ."

"ಎಲ್ಲಿ ಕುಡದಿದ್ದಿ ಅಪ್ಪಾ?"

ಶಿವಗಂಗಾ ಎದ್ದು ನಿಂತಳು.

"ನನ್ನ ಮ್ಯಾಲಿನ ಸುಳ್ಳ ನಂಬಾಕ ನಿನಗ ಒಂದ ಫೋನ್ ಸಾಕಾತು. ನಿನ್ನ ಮಗಳು ಎಂಥಾಕಿ ಅಂತ ನಿನಗ ಗೊತ್ತಿರಲಿಲ್ಲೇನು? ನನಗ ಮಿಲ್ ಹೋದ್ರ ಅಷ್ಟ ಅಲ್ಲಪ್ಪಾ, ಇದು ಭಾಳ ನೋಯ್ತದ."

ಇಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ. ಇಬ್ಬರ ನೋವೂ ನೋಡಲಾಗದೆ ಒಂದು ಮುಕ್ತಾಯ ಬರೆದುಕೊಂಡು ಹೋಗಿದ್ದೆ: ಅಯ್ಯನೋರು ಐದೂ ಊರು ತಿರುಗುತ್ತಾರೆ, ಜನ ಚೀಲ ವಾಪಸ್ ತರುತ್ತಾರೆ, ಮಿಲ್ಲಿನ ಯಂತ್ರ ಮತ್ತೆ ತಿರುಗುತ್ತದೆ. ಅಯ್ಯನೋರು ಕನ್ನಡಕ ಹಾಕಿಕೊಂಡು ಓದಿದರು.

"ಇಷ್ಟ ಸಸಾರ ಇದ್ರ ನೀನೇ ಹೋಗಿ ಬಾರಪ್ಪಾ," ಎಂದರು.

ಎರಡನೆಯ ಮುಕ್ತಾಯದಲ್ಲಿ ಮಿಲ್ ಮುಚ್ಚುತ್ತದೆ, ಅಯ್ಯನೋರು ಜೋಳಿಗೆ ಬಿಟ್ಟು ಊರು ಬಿಡುತ್ತಾರೆ, ಶಿವಗಂಗಾ ರೌಟರಿನ ದೀಪ ಆರುವುದನ್ನು ನೋಡುತ್ತ ನಿಲ್ಲುತ್ತಾಳೆ. ಶಿವಗಂಗಾ ಅರ್ಧ ಓದಿ ವಾಪಸ್ ಕೊಟ್ಟಳು. "ಮಂದಿನ ಅಳಸಾಕ ಬರದೀರಿ. ನಾವು ಈಗಾಗಲೇ ಅತ್ತೀವ್ರಿ."

ಮೂರನೆಯದನ್ನು ಜೇಬಿನಿಂದ ತೆಗೆಯುವ ಧೈರ್ಯವಾಗಲಿಲ್ಲ.

೫೫

ಕಡೆಯ ವಿಳಾಸ. ಇದಕ್ಕೆ ಕಳಿಸಿದ್ದು ಕಟ್ಟಿನೊಳಗಿನ ಪ್ರತಿಯೊಂದಕ್ಕೂ ಮುಟ್ಟುತ್ತದೆ ಅಂತ ಸುರೇಶಕುಮಾರ ಹೇಳಿದ್ದ. ಇವರಿಗೆ ಬೇಕು, ಇವರಿಗೆ ಬೇಡ ಅನ್ನುವಂತಿಲ್ಲ.

ಅಮಾವಾಸ್ಯೆಗೆ ಮುಂಚಿನ ಸೋಮವಾರ ಅಯ್ಯನೋರು ಗೂಟದಿಂದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡರು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅವರ ಹಿಂದಿನ ಸೀಟಿನಲ್ಲಿ ಕೂತೆ. ಗುಂಡಗುರ್ತಿಯಲ್ಲಿ ಇಳಿದಾಗ ಅವರನ್ನು ಬಲ್ಲ ಒಂದು ಮನೆಯವರು ಕಾಲಿಗೆ ನೀರು ತಂದರು. "ಆಮ್ಯಾಲ ಬರ್ತೀನ್ರಿ" ಅಂತ ಹೇಳಿ ಮುಂದೆ ನಡೆದರು. ಈ ಸಲ ಹಾದಿ ಯಾರನ್ನೂ ಕೇಳಲಿಲ್ಲ.

ಭೀಮಬಾಯಿಯ ಮನೆ ಮುಂದೆ ನಿಂತರು.

"ಶರಣ್ರವ್ವಾ."

ಭೀಮಬಾಯಿ ಬಾಗಿಲಿಗೆ ಬಂದರು. ಜೋಳಿಗೆ ನೋಡಿದರು.

"ಅವತ್ತ ನಾ ಹೇಳಿದ್ದು..." ಎಂದು ಅಯ್ಯನೋರು ಶುರು ಮಾಡಿದರು.

"ಹೊರಗ ನಿಂತು ಹೇಳಬ್ಯಾಡ್ರಿ. ಒಳಗ ಬಂದು ಹೇಳ್ರಿ."

ಅಯ್ಯನೋರು ಹೊಸ್ತಿಲು ನೋಡಿದರು. ಎಷ್ಟು ಹೊತ್ತು ನೋಡಿದರು ಅಂತ ಬರೆಯುವುದಿಲ್ಲ, ನನಗೆ ಅದು ಒಂದು ಜನ್ಮದಷ್ಟಾಯಿತು. ಆಮೇಲೆ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದರು. ಬಾಗಿಲು ಗಿಡ್ಡ ಇತ್ತು, ಯಾರು ಹೋದರೂ ಅಷ್ಟು ಬಗ್ಗಬೇಕು.

ಅವರ ಹಿಂದೆ ನಾನೂ ಕಾಲಿಟ್ಟೆ. ಭೀಮಬಾಯಿ ಕೈ ಅಡ್ಡ ಹಿಡಿದರು.

"ನೀವ್ಯಾರ್ರಿ?"

"ಕಥಿ ಬರಿಯಾಂವ್ರಿ."

"ಹಂಗಾದ್ರ ಹೊರಗ ಕುಂದ್ರಿ."

ಬಾಗಿಲು ಹಾಕಿಕೊಂಡಿತು. ಅಯ್ಯನೋರ ಚಪ್ಪಲಿಯ ಪಕ್ಕದಲ್ಲಿ ಕೂತೆ. ಒಳಗೆ ಅಯ್ಯನೋರ ದನಿ ಕೇಳಿತು, ಮಾತು ಕೇಳಲಿಲ್ಲ. ಆಮೇಲೆ ಕೊಡ ಬಗ್ಗಿಸಿದ ಸದ್ದು. ಚರಿಗೆಯೋ ಮತ್ತೇನೋ ನೆಲಕ್ಕೆ ತಾಗಿತು. ತುಂಬಿದ್ದು ತಾಗಿದರೆ ಒಂದು ಸದ್ದು, ಖಾಲಿಯಾದದ್ದು ತಾಗಿದರೆ ಇನ್ನೊಂದು ಸದ್ದು ಇರಬೇಕು. ನನಗೆ ಗೊತ್ತಾಗಲಿಲ್ಲ.

ಆಗ ಭೀಮಬಾಯಿಯ ದನಿ ಮಾತ್ರ ಸ್ಪಷ್ಟವಾಗಿ ಕೇಳಿತು: "ಇನ್ನೊಂದೀಟು ಹಾಕ್ಲೇನ್ರಿ?"

ಏನನ್ನು ಹಾಕುವುದು? ಚರಿಗೆಗೆ ನೀರೋ, ಜೋಳಿಗೆಗೆ ಜೋಳವೋ, ಹಿತ್ತಲ ಕೋಳಿಗೆ ಕಾಳೋ? ನಿಮಗೆ ಒಂದು ಅರ್ಥ ಹೊಳೆದಿರುತ್ತದೆ. ನನಗೂ ಹೊಳೆದಿದೆ, ಅದೇ ಆಗಲಿ ಅಂತ ನನ್ನ ಜೀವ ಬಡಿದುಕೊಳ್ಳುತ್ತಿದೆ. ಆದರೆ 'ಹಾಕುವುದು' ಅನ್ನುವ ಒಂದು ಶಬ್ದವನ್ನು ರೈಲಿನಲ್ಲಿ ಕೇಳಿಸಿಕೊಂಡು ಅರ್ಥ ಕಟ್ಟಿದ್ದಕ್ಕೆ ಇಷ್ಟೆಲ್ಲ ಆಗಿದೆ. ಬಾಗಿಲಾಚೆ ಕೂತು ನಾನು ಇನ್ನೊಮ್ಮೆ ಆ ಕೆಲಸ ಮಾಡಲಾರೆ.

ಅಯ್ಯನೋರು ಏನೋ ಹೇಳಿದರು, ಕೇಳಲಿಲ್ಲ. ಅವರ ಚಪ್ಪಲಿ ಇನ್ನೂ ಇಲ್ಲೇ ಇದೆ.